ಕರೆಯುವ ಹೆಸರು: ಅಂಕಿತನಾಮ ಮತ್ತು ಸಾಧಕನ ನಿತ್ಯಪೂಜೆ



ಶ್ರಾವಣ ಮಾಸದಲ್ಲಿ ವಚನ ಪ್ರವಚನ ನಡೆಯುವ ಕಡೆಗಳಲ್ಲೆಲ್ಲ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ. ಕೇಳುವವರು ಬಹುಮಟ್ಟಿಗೆ ಓದಿದ ತರುಣರು. ಶರಣರು ಸ್ಥಾವರಪೂಜೆಯನ್ನು ಒಪ್ಪಲಿಲ್ಲ, ಅಂಗೈಯ ಮೇಲಿನ ಇಷ್ಟಲಿಂಗವೇ ಸಾಕೆಂದರು. ಹಾಗಿದ್ದಮೇಲೆ ಅವರ ವಚನಗಳ ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಅಷ್ಟೊಂದು ಗುಡಿಯ ದೇವರ ಹೆಸರುಗಳು ಏಕಿವೆ? ಕೂಡಲಸಂಗಮದೇವನೆಂದರೆ ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಎಡೆಯಲ್ಲಿರುವ ಸಂಗಮನಾಥ. ಚೆನ್ನಮಲ್ಲಿಕಾರ್ಜುನನೆಂದರೆ ಶ್ರೀಶೈಲದ ದೇವರು. ದಾಸಿಮಯ್ಯನವರ ರಾಮನಾಥ ಮುದನೂರಿನ ಗುಡಿಯವನು. ನಿರಾಕಾರವಾದ ಘನವನ್ನು ಒಂದೊಂದು ಊರಿನ ಹೆಸರಿನಿಂದ ಕೂಗುವುದೇಕೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಅಂಕಿತವೆಂಬುದು ವಚನಕಾರರ ಮುದ್ರೆ, ಇಂದಿನ ಮಾತಿನಲ್ಲಿ ರುಜು, ಅದಕ್ಕಿಂತ ಹೆಚ್ಚಿನ ಅರ್ಥವನ್ನು ಅಲ್ಲಿ ಹುಡುಕಬೇಕಾಗಿಲ್ಲ ಎಂಬುದು ಒಂದು. ಅಂಕಿತದ ಪದಗಳನ್ನು ಬಿಡಿಸಿ ನೋಡಿದರೆ ಒಳಗೆ ಗೂಢವಾದ ತತ್ತ್ವಾರ್ಥವಿದೆ, ಊರಿನ ಹೆಸರು ಬರಿಯ ಹೊರಕವಚ ಎಂಬುದು ಇನ್ನೊಂದು. ಎರಡರಲ್ಲಿಯೂ ಸ್ವಲ್ಪ ಸತ್ಯವಿದೆ. ಆದರೆ ದಿನವೂ ಲಿಂಗವನ್ನು ಕರದಲ್ಲಿ ಹಿಡಿದು ಕುಳಿತುಕೊಳ್ಳುವ ಭಕ್ತನಿಗೆ ಎರಡರಿಂದಲೂ ಹೆಚ್ಚಿನ ನೆರವಾಗುವುದಿಲ್ಲ. ಹೆಸರು ರುಜುವಾದರೆ ಅದು ಬರೆದವರ ಸ್ವತ್ತು, ಓದುವವನಿಗೆ ಅದರಿಂದ ಆಗಬೇಕಾದುದೇನೂ ಇಲ್ಲ. ಹೆಸರು ತತ್ತ್ವಾರ್ಥವಾದರೆ ಒಮ್ಮೆ ತಿಳಿದುಕೊಂಡರೆ ಮುಗಿಯಿತು, ಮತ್ತೆ ಮತ್ತೆ ಉಚ್ಚರಿಸುವ ಅಗತ್ಯವೇ ಉಳಿಯುವುದಿಲ್ಲ. ಶರಣರಾದರೋ ಕರೆಯುತ್ತಲೇ ಇದ್ದರು.

ಮೊದಲು ರುಜುವಿನ ವಿಚಾರ. ಅಂಕಿತದಿಂದ ವಚನಕಾರರನ್ನು ಗುರುತಿಸಲಾಗುತ್ತದೆ ಎಂಬುದು ನಿಜ. ಫ. ಗು. ಹಳಕಟ್ಟಿಯವರು ತಾಳೆಗರಿಯ ಕಟ್ಟುಗಳನ್ನು ಕೂಡಿಹಾಕಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದಂದಿನಿಂದ, ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸುವವರೆಗೆ, ಯಾವ ವಚನ ಯಾರದೆಂದು ಬೇರ್ಪಡಿಸಲು ವಿದ್ವಾಂಸರ ಕೈಯಲ್ಲಿದ್ದ ಮುಖ್ಯ ಆಧಾರ ಇದೇ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರು. ನಡುವೆ 'ಚೆನ್ನ' ಸೇರಿ ಕೂಡಲಚೆನ್ನಸಂಗಮದೇವ ಎಂದಾದರೆ ಚೆನ್ನಬಸವಣ್ಣನವರು. ಓಲೆಯನ್ನು ಪ್ರತಿ ಮಾಡುವ ಲಿಪಿಕಾರನು ಎರಡಕ್ಷರ ಬಿಟ್ಟುಬಿಟ್ಟರೆ ಸೋದರಳಿಯನ ಮಾತು ಸೋದರಮಾವನದಾಗಿಬಿಡುತ್ತದೆ. ಆದರೆ ಈ ಉಪಯೋಗ ನಂತರದ ಕಾಲದವರದು. ಬರೆದವರು ಯಾರೆಂದು ತಿಳಿಸುವುದಷ್ಟೇ ಉದ್ದೇಶವಾಗಿದ್ದರೆ ಅದಕ್ಕೆ ಸುಲಭವಾದ ದಾರಿಯೊಂದಿತ್ತು, ಅದನ್ನು ಅಂಬಿಗರ ಚೌಡಯ್ಯನವರು ಹಿಡಿದರು. ಅವರ ವಚನಗಳಲ್ಲಿ ಅಂಕಿತವಾಗಿ ನಿಲ್ಲುವುದು ಅವರ ಹೆಸರೇ. ಹೆಚ್ಚಿನ ಶರಣರು ಆ ದಾರಿಯನ್ನು ಬಲ್ಲವರಾಗಿಯೂ ಹಿಡಿಯಲಿಲ್ಲ. ಓಲೆಯ ಕೊನೆಯಲ್ಲಿ ಬರೆದವರ ಹೆಸರಿರುವುದು ಲೋಕರೂಢಿ. ವಚನದ ಕೊನೆಯಲ್ಲಿರುವುದು ಓಲೆ ತಲುಪಬೇಕಾದವನ ಹೆಸರು.

ಆ ಹೆಸರು ಹೆಚ್ಚಾಗಿ ಸಂಬೋಧನೆಯಲ್ಲಿ ಬರುತ್ತದೆ ಎಂಬುದನ್ನು ವ್ಯಾಕರಣ ಬಲ್ಲವರು ಮಾತ್ರವಲ್ಲ, ವಚನವನ್ನು ಗಟ್ಟಿಯಾಗಿ ಓದುವ ಯಾರಾದರೂ ಗಮನಿಸಬಹುದು. ಕೊನೆಯ ಸ್ವರ ದೀರ್ಘವಾಗುತ್ತದೆ. ಅಲ್ಲಿಯವರೆಗೆ ತನ್ನ ಮನಸ್ಸಿನ ಡಾಂಭಿಕತೆಯನ್ನೋ ಊರಿನ ಮಂದಿಯ ಕಪಟವನ್ನೋ ಹೇಳುತ್ತಿದ್ದ ದನಿ, ಥಟ್ಟನೆ ಮುಖ ತಿರುಗಿಸಿ ಒಬ್ಬನನ್ನು ನೋಡುತ್ತದೆ. ಕೆಲವೊಮ್ಮೆ ಅದೇ ಹೆಸರು ಷಷ್ಠಿಯಲ್ಲಿ ಬಂದು ಆತನ ಶರಣರ ಕಡೆಗೆ ಬೆರಳು ತೋರುತ್ತದೆ, ಕೆಲವೊಮ್ಮೆ ಪ್ರಥಮೆಯಲ್ಲಿ ಬಂದು ಸಾಕ್ಷಿಯಾಗಿ ನಿಲ್ಲುತ್ತದೆ. ಆದರೆ ದೇವರು ಇಂಥವನು, ಇಂಥ ಗುಣದವನು ಎಂದು ವರ್ಣಿಸುವುದಕ್ಕಾಗಿ ಬರುವುದು ಅಪರೂಪ. ಸಹಸ್ರನಾಮಗಳ ಹೆಸರುಗಳಿಗೂ ವಚನದ ಹೆಸರಿಗೂ ಇರುವ ಅಂತರ ಇದೇ. ಅಲ್ಲಿ ಹೆಸರು ಗುಣವನ್ನು ಹೇಳುತ್ತದೆ. ಇಲ್ಲಿ ಅದು ಕರೆಯುತ್ತದೆ. ಮನೆಯಲ್ಲಿ ಮಗು 'ಅವ್ವಾ' ಎಂದಾಗ ಆ ಪದದ ನಿಷ್ಪತ್ತಿಯನ್ನು ಯಾರೂ ಕೇಳುವುದಿಲ್ಲ.

ಪದಗಳನ್ನು ಬಿಡಿಸಿ ಅರ್ಥ ಹೇಳುವವರಿಗೆ ಇದರಿಂದ ಅಸಮಾಧಾನವಾಗಬಹುದು. ಕೂಡಲಸಂಗಮವೆಂದರೆ ಅಂಗ ಲಿಂಗಗಳು ಕೂಡುವ ಸಾಮರಸ್ಯ, ಗುಹೆ ಎಂದರೆ ಹೃದಯಗುಹೆ, ಅರ್ಜುನವೆಂದರೆ ಬಿಳುಪು ಎಂದು ಹೇಳುವುದು ಚೆನ್ನಾಗಿಯೇ ಕೇಳಿಸುತ್ತದೆ, ಮತ್ತು ಪ್ರವಚನದಲ್ಲಿ ಅದಕ್ಕೊಂದು ಸ್ಥಾನವೂ ಇದೆ. 1973ರಲ್ಲಿ ಪ್ರಕಟವಾದ ಎ. ಕೆ. ರಾಮಾನುಜನ್ ಅವರ 'ಸ್ಪೀಕಿಂಗ್ ಆಫ್ ಶಿವ' ಎಂಬ ಪ್ರಸಿದ್ಧ ಅನುವಾದ ಗ್ರಂಥದಲ್ಲಿ ಕೂಡಲಸಂಗಮದೇವನು ಕೂಡುವ ನದಿಗಳ ಒಡೆಯನಾದನು, ಚೆನ್ನಮಲ್ಲಿಕಾರ್ಜುನನು ಮಲ್ಲಿಗೆಯಂತೆ ಬೆಳ್ಳಗಿರುವ ಒಡೆಯನಾದನು, ಗುಹೇಶ್ವರನು ಗುಹೆಗಳ ಒಡೆಯನಾದನು. ಆದರೆ ಅದೇ ಪುಸ್ತಕದಲ್ಲಿ ದಾಸಿಮಯ್ಯನವರ ರಾಮನಾಥನು ರಾಮನಾಥನಾಗಿಯೇ ಉಳಿದನು. ಆ ಹೆಸರನ್ನು ಬಿಡಿಸಹೊರಟರೆ ರಾಮನು ಪೂಜಿಸಿದ ಶಿವ ಎಂಬ ಪುರಾಣದ ಕಥೆ ಬರುತ್ತದೆಯೇ ಹೊರತು, ನೆಯ್ಗೆಯ ಮಗ್ಗದ ಮುಂದೆ ಕುಳಿತ ದಾಸಿಮಯ್ಯನವರಿಗೆ ಆ ಹೆಸರು ಏನಾಗಿತ್ತೆಂಬುದು ಬರುವುದಿಲ್ಲ. ಅರ್ಥಕೋಶಕ್ಕೆ ಸಿಗುವುದು ಪದದ ಅರ್ಥ. ಹೆಸರಿನ ಅರ್ಥವನ್ನು ಕರೆದವರ ಬದುಕಿನಲ್ಲಿ ನೋಡಬೇಕಾಗುತ್ತದೆ.

ಇದಕ್ಕೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ಬಾಲ್ಯದ ಪ್ರಸಂಗಕ್ಕಿಂತ ಮಿಗಿಲಾದ ಉದಾಹರಣೆ ಬೇಕಿಲ್ಲ. ರಾಘವಾಂಕನು ಸಿದ್ಧರಾಮ ಚಾರಿತ್ರದಲ್ಲಿ ಆ ಕಥೆಯನ್ನು ಹೇಳಿದ್ದಾನೆ. ಊರವರ ಕಣ್ಣಿಗೆ ಮಂದಬುದ್ಧಿಯಂತೆ ತೋರುತ್ತಿದ್ದ ಹುಡುಗ, ಹೊಲ ಕಾಯುತ್ತಿದ್ದಾಗ ಜಂಗಮನೊಬ್ಬ ಬರುತ್ತಾನೆ. ತನ್ನ ಹೆಸರು ಮಲ್ಲಯ್ಯ, ಊರು ಶ್ರೀಶೈಲ ಎನ್ನುತ್ತಾನೆ. ಹಸಿವೆಂದು ಹೇಳಿ ಉಣ್ಣಲು ಕೇಳುತ್ತಾನೆ. ಹುಡುಗ ಮನೆಗೆ ಓಡಿ ತಾಯಿಯಿಂದ ಊಟ ಕಟ್ಟಿಸಿಕೊಂಡು ಮರಳುವಷ್ಟರಲ್ಲಿ ಹೊಲದಲ್ಲಿ ಯಾರೂ ಇಲ್ಲ. ಅಂದಿನಿಂದ ಆರಂಭವಾದ 'ಮಲ್ಲಯ್ಯಾ' ಎಂಬ ಕೂಗು ನಿಲ್ಲುವುದೇ ಇಲ್ಲ. ಯಾತ್ರಿಕರ ಜೊತೆ ಹುಡುಗ ಶ್ರೀಶೈಲಕ್ಕೆ ಹೋಗುತ್ತಾನೆ. ಅಲ್ಲಿ ಅವನನ್ನು ಗರ್ಭಗುಡಿಗೆ ಕರೆದೊಯ್ದು, ಲಿಂಗವನ್ನು ತೋರಿಸಿ, ಇವನೇ ಮಲ್ಲಯ್ಯ ಎನ್ನುತ್ತಾರೆ. ಹುಡುಗ ಒಪ್ಪುವುದಿಲ್ಲ. ತನ್ನ ಹೊಲಕ್ಕೆ ಬಂದ, ಉಣ್ಣಲು ಕೇಳಿದ ಮಲ್ಲಯ್ಯ ಇವನಲ್ಲವೆಂದು ಹಟ ಹಿಡಿಯುತ್ತಾನೆ. ಕೂಗುತ್ತ ಕಾಡುಮೇಡು ಅಲೆದು ಕೊನೆಗೆ ಕಮರಿಗೆ ಬೀಳಹೋದಾಗ ಮಲ್ಲಯ್ಯನು ಕೈಹಿಡಿಯುತ್ತಾನೆ.

ಶಾಸ್ತ್ರದ ಪ್ರಕಾರ ಗುಡಿಯಲ್ಲಿದ್ದವರ ಮಾತು ತಪ್ಪೇನಲ್ಲ. ಶ್ರೀಶೈಲದ ಮಲ್ಲಿಕಾರ್ಜುನನೇ ಮಲ್ಲಯ್ಯ. ಹೆಸರೂ ಅದೇ, ಊರೂ ಅದೇ. ಆದರೂ ಹುಡುಗನ ನಿರಾಕರಣೆಯನ್ನು ರಾಘವಾಂಕನು ಮೌಢ್ಯವೆಂದು ನಗೆಯಾಡದೆ ಗೌರವದಿಂದ ನಿರೂಪಿಸುತ್ತಾನೆ, ದೇವರೂ ಅದನ್ನು ಮನ್ನಿಸಿ ಬರುತ್ತಾನೆ. ಹೆಸರು ಇಬ್ಬರಿಗೂ ಒಂದೇ ಆಗಿದ್ದರೂ ಹುಡುಗನ ಬಾಯಲ್ಲಿ ಅದಕ್ಕೆ ಒಂದು ಮುಖವಿತ್ತು, ಒಂದು ಹಸಿವಿತ್ತು, ಕೈಯಲ್ಲಿ ಹಿಡಿದುಕೊಂಡು ಬಂದು ತಣ್ಣಗಾಗಿಹೋದ ಊಟದ ಬುತ್ತಿಯಿತ್ತು.

ಈ ಮಲ್ಲಿಕಾರ್ಜುನನ ಹೆಸರನ್ನು ಹಿಡಿದ ಶರಣರು ಇನ್ನೂ ಹಲವರಿದ್ದಾರೆ. ಅಕ್ಕಮಹಾದೇವಿಯವರಿಗೆ ಅವನು ಚೆನ್ನಮಲ್ಲಿಕಾರ್ಜುನ, ಚೆಲುವ. ಸಿದ್ಧರಾಮೇಶ್ವರರಿಗೆ ಕಪಿಲಸಿದ್ಧಮಲ್ಲಿಕಾರ್ಜುನ. ಅರಸೊತ್ತಿಗೆಯನ್ನು ಬಿಟ್ಟುಬಂದು ಕಟ್ಟಿಗೆ ಮಾರಿ ಬದುಕಿದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನವರಿಗೆ ನಿಃಕಳಂಕಮಲ್ಲಿಕಾರ್ಜುನ. ಡೋಹರ ಕಕ್ಕಯ್ಯನವರಿಗೆ ಅಭಿನವಮಲ್ಲಿಕಾರ್ಜುನ. ಪರ್ವತ ಒಂದೇ, ದೇವರು ಒಬ್ಬನೇ. ಆದರೂ ಹೆಸರಿನ ಮೊದಲ ಪದ ಬೇರೆ ಬೇರೆ, ಮತ್ತು ಆ ಮೊದಲ ಪದದಲ್ಲಿಯೇ ಅವರವರ ಸಂಬಂಧವಿದೆ. ಚೆಲುವನ್ನು ಬಯಸಿ ಮನೆ ಬಿಟ್ಟುಹೋದ ಹೆಣ್ಣುಮಗಳು ಚೆನ್ನ ಎಂದಳು. ತೊಗಲು ಹದಮಾಡುವ ಕುಲದಿಂದ ಬಂದು ಶರಣರ ಸಂಗದಲ್ಲಿ ಹೊಸಹುಟ್ಟು ಪಡೆದ ಕಕ್ಕಯ್ಯನವರು ಅಭಿನವ, ಅಂದರೆ ಹೊಸಬ ಎಂದರು. ಇದು ಕಾಕತಾಳೀಯವಿರಬಹುದೆಂದು ಸಂಶೋಧಕರು ಹೇಳಿದರೆ ವಾದಿಸುವುದು ಕಷ್ಟ. ಆದರೆ ಆ ಹೆಸರುಗಳನ್ನು ಅವರವರ ವಚನಗಳ ಜೊತೆಗಿಟ್ಟು ಓದಿದವರಿಗೆ ಹಾಗೆನ್ನಿಸುವುದಿಲ್ಲ.

ಇನ್ನೊಂದು ಸಂಗತಿಯಿದೆ. ಶೂನ್ಯಸಂಪಾದನೆಯು ನಿರೂಪಿಸುವಂತೆ, ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದು ಸಿದ್ಧರಾಮೇಶ್ವರರು ಕಟ್ಟಿಸುತ್ತಿದ್ದ ಕೆರೆ ಗುಡಿಗಳ ಕಾರ್ಯವನ್ನು ಕಟುವಾಗಿ ಪ್ರಶ್ನಿಸಿದರು. ಅವರನ್ನು ಕಲ್ಯಾಣಕ್ಕೆ ಕರೆತಂದರು. ಅಲ್ಲಿ ಚೆನ್ನಬಸವಣ್ಣನವರಿಂದ ಅವರಿಗೆ ಇಷ್ಟಲಿಂಗದೀಕ್ಷೆಯಾಯಿತು. ಬದುಕಿನ ದಿಕ್ಕೇ ಬದಲಾಯಿತು, ಪೂಜೆಯ ವಿಧಾನ ಬದಲಾಯಿತು. ಬದಲಾಗದೆ ಉಳಿದುದು ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಹೆಸರು. ಅದು ಗುಡಿಯ ದೇವರ ಹೆಸರು, ಬಿಟ್ಟುಬಿಡು ಎಂದು ಪ್ರಭುದೇವರು ಹೇಳಲಿಲ್ಲ. ಕೆರೆಯನ್ನೂ ಗುಡಿಯನ್ನೂ ಪ್ರಶ್ನಿಸಿದವರು ಹೆಸರನ್ನು ಮುಟ್ಟಲಿಲ್ಲ.

ಹೊಲದಲ್ಲಿ ಕಂಡವನನ್ನು ಹೊಲದ ಹೆಸರಿನಿಂದ ಕರೆಯುವಂತೆ, ಸಂಗಮದಲ್ಲಿ ದೊರೆತವನನ್ನು ಬಸವಣ್ಣನವರು ಸಂಗಮದ ಹೆಸರಿನಿಂದ ಕರೆದರು. ಹರಿಹರನ ಬಸವರಾಜದೇವರ ರಗಳೆಯಲ್ಲಿ, ಸಂಗಮವನ್ನು ಬಿಟ್ಟು ಮಂಗಳವಾಡಕ್ಕೆ ಹೋಗೆಂದು ದೇವರಿಂದ ಅಪ್ಪಣೆಯಾದಾಗ ಬಸವಣ್ಣನವರು ಪಟ್ಟ ದುಃಖದ ವರ್ಣನೆಯಿದೆ. ಬಳಿಕ ಅವರ ಕೈಗೆ ಲಿಂಗ ಬರುತ್ತದೆ. ಗುಡಿ ನದಿಯ ದಡದಲ್ಲಿಯೇ ಉಳಿಯಿತು. ಲಿಂಗವೂ ಹೆಸರೂ ಅವರೊಡನೆ ಹೊರಟವು. ಮುಂದೆ ಬಿಜ್ಜಳನ ಭಂಡಾರಿಯಾಗಿ, ಅರಮನೆಯ ಲೆಕ್ಕಪತ್ರಗಳ ನಡುವೆ, ಕಲ್ಯಾಣದ ಮಹಾಮನೆಯಲ್ಲಿ, ಅವರು ಕರೆದುದು ಬಹುದೂರದ ಒಂದು ಕೂಡಲಿನ ಹೆಸರನ್ನು. ತರುಣರ ಪ್ರಶ್ನೆಗೆ ಉತ್ತರವಿರುವುದು ಬಹುಶಃ ಇಲ್ಲಿಯೇ. ಗುಡಿಯ ವಸ್ತುಗಳಲ್ಲಿ ಎದ್ದು ನಡೆಯಬಲ್ಲದ್ದು ಹೆಸರೊಂದೇ. ಶರಣರು ಸ್ಥಾವರವನ್ನು ಸ್ಥಾವರದಲ್ಲಿಯೇ ಬಿಟ್ಟು ಹೆಸರನ್ನು ಜಂಗಮವಾಗಿಸಿದರು. ಅಕ್ಕನಂತೂ ಶ್ರೀಶೈಲದ ಬೆಟ್ಟವನ್ನು ಕಾಣುವುದಕ್ಕೆ ಮೊದಲೇ, ಉಡುತಡಿಯಲ್ಲಿದ್ದಾಗಲೇ ಆ ಬೆಟ್ಟದವನಿಗೆ ಮನಸ್ಸನ್ನು ಕೊಟ್ಟುಬಿಟ್ಟಿದ್ದಳು. (ಸೌರಾಷ್ಟ್ರದ ಸೋಮೇಶ್ವರನನ್ನೇ ಪುಲಿಗೆರೆಗೆ ಕರೆತಂದ ಆದಯ್ಯನವರ ಕಥೆ ಬೇರೆಯ ಬಗೆಯದು. ಅವರು ಹೆಸರಿನ ಜೊತೆಗೆ ದೇವರನ್ನೂ ಹೊರಡಿಸಿದರು! ಆ ಕಥೆಯ ವಿಚಾರ ಮತ್ತೊಮ್ಮೆ.)

ನೀಲಾಂಬಿಕೆಯವರ ಅಂಕಿತ ಇನ್ನೂ ಚಿಕ್ಕದು. ಸಂಗಯ್ಯ ಎಂದಷ್ಟೇ. ಕೂಡಲವೂ ಇಲ್ಲ, ದೇವನೂ ಇಲ್ಲ. ಹಿರಿಯರ ಹೆಸರನ್ನು ಮನೆಯವರು ಬಳಸಿ ಬಳಸಿ ಚಿಕ್ಕದು ಮಾಡಿಕೊಳ್ಳುವಂತೆ ಅವರು ಅದನ್ನು ಮಾಡಿಕೊಂಡಿದ್ದಾರೆ.

ಎಲ್ಲ ಅಂಕಿತಗಳೂ ಗುಡಿಯಿಂದ ಬಂದವಲ್ಲ. ಅಲ್ಲಮಪ್ರಭುದೇವರ ಗುಹೇಶ್ವರ ನೆಲದೊಳಗಿನಿಂದ ಬಂದವನು. ಹರಿಹರನು ಹೇಳುವ ಕಥೆಯಲ್ಲಿ, ಕಾಮಲತೆಯನ್ನು ಕಳೆದುಕೊಂಡು ಹುಚ್ಚನಂತಾದ ಅಲ್ಲಮನು ಒಂದೆಡೆ ಕುಳಿತು ಕಾಲ್ಬೆರಳಿನಿಂದ ನೆಲ ಕೆದಕುತ್ತಿರುವಾಗ ಕಳಸವೊಂದು ಕಾಣುತ್ತದೆ. ಅಗೆಸಿದರೆ ಗುಡಿ, ಅದರೊಳಗೆ ಧ್ಯಾನಸ್ಥನಾದ ಅನಿಮಿಷಯ್ಯ, ಅವನ ಕೈಯಲ್ಲಿ ಲಿಂಗ. ಆ ಲಿಂಗ ಅಲ್ಲಮನ ಕೈಗೆ ಬರುವ ಹೊತ್ತಿಗೆ ಅನಿಮಿಷಯ್ಯನ ಪ್ರಾಣ ಹೋಗಿರುತ್ತದೆ. ಒಂದು ಸಾವಿನ ದುಃಖದಲ್ಲಿ ಹೋದವನಿಗೆ ಇನ್ನೊಂದು ಸಾವಿನ ಕೈಯಿಂದ ದೊರೆತ ದೇವರು! ಹೃದಯಗುಹೆ ಎಂಬ ವ್ಯಾಖ್ಯಾನ ಅನಂತರದ್ದು. ಮೊದಲು ಅದು ಮಣ್ಣಿನ ವಾಸನೆಯ ನಿಜವಾದ ಗುಹೆ. ಬಯಲನ್ನು, ನಾಮರೂಪಗಳಿಲ್ಲದ್ದನ್ನು ಅಲ್ಲಮಪ್ರಭುದೇವರಷ್ಟು ನಿಷ್ಠುರವಾಗಿ ಹೇಳಿದವರು ಬೇರೊಬ್ಬರಿಲ್ಲ. ಆ ವಚನಗಳೂ ಗುಹೇಶ್ವರನನ್ನು ಕರೆದೇ ನಿಲ್ಲುತ್ತವೆ. ಇದನ್ನು ವಿರೋಧಾಭಾಸವೆಂದು ಕೆಲವರು ಬಗೆಯುತ್ತಾರೆ. ಹೆಸರಿಲ್ಲದ್ದರ ಬಗೆಗೆ ಯಾರೊಡನಾದರೂ ಮಾತನಾಡಲೇಬೇಕಲ್ಲವೇ? ಪ್ರಭುದೇವರು ಗುಹೇಶ್ವರನೊಡನೆ ಮಾತನಾಡಿದರು.

ಸೂಳೆ ಸಂಕವ್ವೆಯವರ ಅಂಕಿತವನ್ನು ಪ್ರವಚನಗಳಲ್ಲಿ ಎತ್ತುವವರು ಕಡಿಮೆ. ದೊರೆತಿರುವುದು ಅವರ ಒಂದೇ ವಚನ. ತನ್ನ ಕಸುಬಿನ ಮಾತಿನಲ್ಲಿಯೇ ಏಕನಿಷ್ಠೆಯನ್ನು ಹೇಳುವ ಆ ವಚನದ ಕೊನೆಗೆ ಬರುವ ಹೆಸರು ನಿರ್ಲಜ್ಜೇಶ್ವರ. ಸ್ಥಳಪುರಾಣಗಳಲ್ಲಿ ಪ್ರಸಿದ್ಧವಾದ ಹೆಸರು ಅದಲ್ಲ. ಲೋಕವು ಆ ಹೆಣ್ಣಿಗೆ ದಿನವೂ ಎಸೆಯುತ್ತಿದ್ದ ಬೈಗುಳ ಯಾವುದೋ ಅದನ್ನೇ ಎತ್ತಿಕೊಂಡು ಆಕೆ ದೇವರಿಗೆ ಹೆಸರಾಗಿ ಇಟ್ಟಳೆಂದು ತೋರುತ್ತದೆ. ನಾಚಿಕೆಗೆಟ್ಟವಳೆಂದರೆ, ಹೌದು, ನನ್ನ ದೇವರೂ ಹಾಗೆಯೇ ಎಂಬ ಎದೆಗಾರಿಕೆ ಅದರಲ್ಲಿದೆ. ಬೈಗುಳ ದೇವರ ಪಾಲಾದಮೇಲೆ ಅದನ್ನು ಎಸೆಯುವವರ ಕೈಯಲ್ಲಿ ಇನ್ನೇನು ಉಳಿದೀತು? ಇಂಥ ಹೆಸರನ್ನು ಯಾವ ಪಂಡಿತನೂ ಯೋಚಿಸಿ ಕೊಡಲಾರ, ಯಾವ ಗುರುವೂ ದೀಕ್ಷೆಯಲ್ಲಿ ಕೊಡಲಾರ. ಹರಿದಾಸ ಪರಂಪರೆಯಲ್ಲಿ ಗುರುವು ಶಿಷ್ಯನಿಗೆ ಅಂಕಿತವನ್ನು ಅನುಗ್ರಹಿಸುವ ಸಂಪ್ರದಾಯವಿದೆ, ಅದಕ್ಕೆ ಅದರದೇ ಆದ ಸೊಬಗಿದೆ. ಸಂಕವ್ವೆಯ ಹೆಸರಾದರೋ ಬೀದಿಯಲ್ಲಿ ಹುಟ್ಟಿದ್ದು.

ಇನ್ನು ಕೆಲವು ಶರಣೆಯರ ಅಂಕಿತಗಳಲ್ಲಿ ದೇವರು ಮತ್ತೊಬ್ಬ ಮನುಷ್ಯರ ಮೂಲಕ ಬರುತ್ತಾನೆ. ಆಯ್ದಕ್ಕಿ ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಅಕ್ಕನಾಗಮ್ಮನವರದು ಬಸವಣ್ಣಪ್ರಿಯ ಚೆನ್ನಸಂಗಯ್ಯ. ಹಡಪದ ಅಪ್ಪಣ್ಣನವರದು ಬಸವಪ್ರಿಯ ಕೂಡಲಚೆನ್ನಬಸವಣ್ಣ ಎಂದಾದರೆ, ಅವರ ಪತ್ನಿ ಲಿಂಗಮ್ಮನವರದು ಅಪ್ಪಣ್ಣಪ್ರಿಯ ಚೆನ್ನಬಸವಣ್ಣ. ಕೈಯಿಂದ ಕೈಗೆ ದೀಪ ಹಚ್ಚಿಕೊಂಡು ಹೋದಂತೆ ಇಲ್ಲಿ ಹೆಸರು ಹಬ್ಬಿದೆ. ಮುಕ್ತಾಯಕ್ಕನವರಂತೂ ಅಣ್ಣನೂ ಗುರುವೂ ಆದ ಅಜಗಣ್ಣನನ್ನೇ ಅಂಕಿತವಾಗಿಸಿಕೊಂಡರು, ಅಲ್ಲಿ ಬೇರೆ ದೇವರ ಹೆಸರೇ ಇಲ್ಲ. ಹೆಣ್ಣುಮಕ್ಕಳು ಗಂಡನ ನೆರಳಿನಲ್ಲಿದ್ದುದಕ್ಕೆ ಇಂಥ ಹೆಸರುಗಳು ಸಾಕ್ಷಿ ಎಂದು ವಾದಿಸುವವರು ಲಕ್ಕಮ್ಮನವರ ಪ್ರಸಂಗವನ್ನು ನೆನೆಯಬೇಕು. ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದಾಗ, ಇದು ಆಸೆಯಲ್ಲವೇ ಎಂದು ಗಂಡನನ್ನು ತಡೆದು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದವರು ಅವರು. ಮಾರಯ್ಯಪ್ರಿಯನನ್ನು ಕರೆಯುತ್ತಲೇ ಮಾರಯ್ಯನನ್ನು ತಿದ್ದಿದರು.

ಇಷ್ಟೆಲ್ಲ ಹೇಳಿದ್ದರ ಉದ್ದೇಶ ಇಂದಿನ ಸಾಧಕನ ನಿತ್ಯಪೂಜೆ. ಅಷ್ಟಾವರಣಗಳಲ್ಲಿ ಮಂತ್ರವು ಎಂಟನೆಯದು. ದೀಕ್ಷೆಯಲ್ಲಿ ಗುರುವು ಲಿಂಗವನ್ನು ಕೈಗೆ ಕೊಡುತ್ತಾನೆ, ಮಂತ್ರವನ್ನು ಕಿವಿಗೆ ಕೊಡುತ್ತಾನೆ. ಆ ಪಂಚಾಕ್ಷರಿ ಷಡಕ್ಷರಿಗಳು ಎಲ್ಲರಿಗೂ ಒಂದೇ. ಅರಸನಿಗೊಂದು ಆಳಿಗೊಂದು ಎಂಬ ಭೇದ ಅಲ್ಲಿಲ್ಲ, ಅದೇ ಅದರ ಹಿರಿಮೆ. ಆದರೆ ಬಹಳ ಜನ ಭಕ್ತರು ಅಲ್ಲಿಗೆ ನಿಂತುಬಿಡುತ್ತಾರೆ. ನೂರೆಂಟು, ಸಾವಿರದೆಂಟು ಎಂದು ಎಣಿಸುತ್ತಾರೆ. ಹಿಂದೆ ರುದ್ರಾಕ್ಷಿಯ ಮಣಿಗಳಿದ್ದವು, ಈಗ ಬೆರಳಿಗೆ ಸಿಕ್ಕಿಸಿಕೊಂಡು ಒತ್ತುವ ಎಣಿಕೆಯ ಯಂತ್ರ ಬಂದಿದೆ, ಮೊಬೈಲಿನಲ್ಲಿಯೂ ಅದರ ವ್ಯವಸ್ಥೆಯಿದೆ. ಎಣಿಕೆ ತಪ್ಪೆಂದಲ್ಲ. ಚಂಚಲವಾದ ಮನಸ್ಸಿಗೆ ಅದೊಂದು ಗೂಟ. ಆದರೆ ಇಪ್ಪತ್ತು ವರ್ಷ ತಪ್ಪದೆ ಜಪ ಮಾಡಿದವರು ಪ್ರವಚನ ಮುಗಿದಮೇಲೆ ಬಂದು, ಏನೂ ಆಗಲಿಲ್ಲ, ಬಾಯಿ ತಾನಾಗಿ ಹೇಳುತ್ತದೆ, ಮನಸ್ಸು ಸಂತೆಯಲ್ಲಿರುತ್ತದೆ ಎಂದು ದನಿ ತಗ್ಗಿಸಿ ಹೇಳಿಕೊಳ್ಳುವುದುಂಟು. ಅವರಿಗೆ ಇನ್ನೂ ಹೆಚ್ಚು ಎಣಿಸಿರೆಂದು ಹೇಳುವುದು ಉಪದೇಶವೇ ಅಲ್ಲ. ಅವರನ್ನು ಕೇಳಬೇಕಾದುದು ಬೇರೆ: ಕಷ್ಟ ಬಂದಾಗ, ಎಣಿಸಲು ವ್ಯವಧಾನವಿಲ್ಲದಾಗ, ಬಾಯಿಗೆ ಬರುವ ಹೆಸರು ಯಾವುದು?

ಆ ಹೆಸರು ಎಲ್ಲರಿಗೂ ಇದ್ದೇ ಇರುತ್ತದೆ. ರೊಟ್ಟಿ ಬಡಿದು ಎದ್ದೇಳುವಾಗ ಮೊಣಕಾಲಿನ ನೋವಿಗೆ 'ಯಪ್ಪಾ ಶಿವನೇ' ಎನ್ನುವ ಮುದುಕಿಗೆ ಅದಿದೆ. ಮಳೆ ಬಾರದ ವರ್ಷ ಹೊಲದ ಬದುವಿನ ಮೇಲೆ ನಿಂತು 'ಬಸವಾ' ಎನ್ನುವ ರೈತನಿಗೆ ಅದಿದೆ. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ರಾತ್ರಿಯಿಡೀ ಕುಳಿತವರಿಗೆ ಅದಿದೆ. ಅದನ್ನು ಪೂಜೆಯ ಹೊತ್ತಿನಲ್ಲಿ ಏಕೋ ಹೊರಗೆ ನಿಲ್ಲಿಸಿರುತ್ತಾರೆ. ಸ್ನಾನ ಮಾಡಿ ವಿಭೂತಿ ಧರಿಸಿ ಲಿಂಗವನ್ನು ಕರದಲ್ಲಿಟ್ಟುಕೊಂಡಾಗ ಶುದ್ಧವಾದ, ಗ್ರಂಥಸ್ಥವಾದ ಹೆಸರೇ ಬೇಕೆಂದು ಭಾವಿಸುತ್ತಾರೆ. ಗುರು ಕೊಟ್ಟ ಮಂತ್ರವನ್ನು ಬಿಡಬೇಕಾಗಿಲ್ಲ. ಮಂತ್ರದ ಬೆನ್ನಿಗೆ, ತನ್ನ ಬಾಯಿಗೆ ಒಗ್ಗಿದ ಆ ಹೆಸರಿನಿಂದ ಒಮ್ಮೆ, ಒಂದೇ ಒಂದು ಬಾರಿ ಲಿಂಗವನ್ನು ಕರೆದು ಸುಮ್ಮನಿರಬೇಕು. ಮಂತ್ರ ಗುರುವಿನಿಂದ ಬಂದುದು, ಅದು ಕಿವಿಯಿಂದ ಒಳಗಿಳಿಯಿತು. ಈ ಹೆಸರು ಒಳಗಿನಿಂದ ಬಾಯಿಗೆ ಬರುತ್ತದೆ. ಶರಣರಲ್ಲಿ ಎರಡೂ ಇದ್ದವು.

ಹೆಸರು ಕರೆದವರಿಗೆ ಸೇರಿದ್ದು ಎಂದಾದರೆ ಅದನ್ನು ಇನ್ನೊಬ್ಬರು ತಿದ್ದಬಹುದೇ? ಈ ಪ್ರಶ್ನ ಬರಿಯ ತಾತ್ತ್ವಿಕ ಚರ್ಚೆಯಾಗಿ ಉಳಿಯಲಿಲ್ಲ. 1990ರ ದಶಕದಲ್ಲಿ ಮಾತೆ ಮಹಾದೇವಿಯವರು ಸಂಪಾದಿಸಿದ ಬಸವ ವಚನ ದೀಪ್ತಿಯಲ್ಲಿ ಕೂಡಲಸಂಗಮದೇವ ಎಂಬಲ್ಲೆಲ್ಲ ಲಿಂಗದೇವ ಎಂದು ಬದಲಾಯಿಸಲಾಗಿತ್ತು. ಭಕ್ತವೃಂದದಲ್ಲಿ ದೊಡ್ಡ ಕೋಲಾಹಲವೆದ್ದಿತು. 1998ರಲ್ಲಿ ರಾಜ್ಯ ಸರ್ಕಾರವು ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ಎತ್ತಿಹಿಡಿಯಿತು. 2019ರಲ್ಲಿ ಮಾತೆಯವರು ಲಿಂಗೈಕ್ಯರಾದರು. ಬಸವತತ್ತ್ವದ ಪ್ರಸಾರಕ್ಕಾಗಿ ಅವರು ಮಾಡಿದ ದುಡಿಮೆ ಅಲ್ಪವಲ್ಲ. ಇಷ್ಟಲಿಂಗನಿಷ್ಠರಾದ ಬಸವಣ್ಣನವರ ಬಾಯಲ್ಲಿ ಗುಡಿಯ ದೇವರ ಹೆಸರು ಸಲ್ಲದೆಂಬ ಕಳಕಳಿಯೂ ಕೃತಕವಾದುದಲ್ಲ. ಆದರೂ ಆ ಕಾರ್ಯ ತಪ್ಪಾಗಿತ್ತು. ನ್ಯಾಯಾಲಯ ಹೇಳಿತೆಂಬ ಕಾರಣಕ್ಕಲ್ಲ, ನ್ಯಾಯಾಲಯಕ್ಕೆ ಹೋಗದಿದ್ದರೂ ಅದು ತಪ್ಪೇ. ಲಿಂಗದೇವ ಎಂಬುದು ಅರ್ಥದಲ್ಲಿ ನಿರ್ದುಷ್ಟವಾದ ಹೆಸರು, ಅದನ್ನು ತನ್ನ ಪೂಜೆಯಲ್ಲಿ ಕರೆಯುವ ಭಕ್ತನಿಗೆ ಯಾರೂ ಅಡ್ಡಿ ಹೇಳುವಂತಿಲ್ಲ. ಆದರೆ ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬರು ಕೂಗಿದ ಕೂಗನ್ನು ಇಂದು ಕೇಳುವವರು ತಿದ್ದಲು ಬರುವುದಿಲ್ಲ. ಶ್ರೀಶೈಲದಲ್ಲಿ ಹುಡುಗ ಸಿದ್ಧರಾಮನಿಗೆ ಇವನೇ ಮಲ್ಲಯ್ಯ ಎಂದು ತೋರಿಸಿದವರಾದರೂ ಅವನ ಕೂಗನ್ನು ಬದಲಾಯಿಸಹೋಗಲಿಲ್ಲ.

ಆ ವಿವಾದದಲ್ಲಿ ಅಂಕಿತದ ಪರವಾಗಿ ಗಟ್ಟಿಯಾಗಿ ನಿಂತ ಮನೆಗಳಲ್ಲಿಯೂ ಬೇರೊಂದು ರೀತಿಯ ತಿದ್ದುಪಡಿ ಸದ್ದಿಲ್ಲದೆ ನಡೆಯುತ್ತಿರುತ್ತದೆ ಎಂಬುದನ್ನು ಹೇಳದಿರಲಾಗದು. ಸೊಸೆಯಾಗಿ ಬಂದ ಹೆಣ್ಣುಮಗಳು ತವರಿನಲ್ಲಿ ಎಡೆಯೂರು ಸಿದ್ಧಲಿಂಗೇಶ್ವರನನ್ನು ಕರೆಯುತ್ತ ಬೆಳೆದಿರುತ್ತಾಳೆ. ಗಂಡನ ಮನೆಯ ನಡೆ ಬೇರೆ. ದೀಪ ಹಚ್ಚುವಾಗ ಅವಳ ಬಾಯಿಂದ ತವರಿನ ಹೆಸರು ಬಂದರೆ, 'ನಮ್ಮ ಮನೆಯಲ್ಲಿ ಹಾಗೆ ಅನ್ನುವುದಿಲ್ಲವಮ್ಮ' ಎಂದು ಅತ್ತೆ ಹೇಳುತ್ತಾರೆ. ಅವಳು ಸುಮ್ಮನಾಗುತ್ತಾಳೆ. ಹತ್ತು ವರ್ಷದಲ್ಲಿ ಹೊಸ ಹೆಸರು ಅಭ್ಯಾಸವಾಗುತ್ತದೆ, ಆದರೆ ಹೆರಿಗೆಯ ನೋವಿನಲ್ಲಿ ಬಂದುದು ಹಳೆಯ ಹೆಸರೇ ಆಗಿರುತ್ತದೆ. ಶರಣರು ಹೇಳಿದ ಏಕದೇವನಿಷ್ಠೆಯನ್ನು ಈ ಅತ್ತೆಯಂದಿರು ಉದಾಹರಿಸುವುದುಂಟು. ಏಕದೇವನಿಷ್ಠೆಯೆಂದರೆ ಏಕನಾಮನಿಷ್ಠೆಯಲ್ಲ. ಒಂದೇ ನಾಮವೇ ನಿಷ್ಠೆಯಾಗಿದ್ದರೆ ಗುಹೇಶ್ವರನನ್ನು ಕರೆಯುವವರು, ಕೂಡಲಸಂಗಮದೇವನನ್ನು ಕರೆಯುವವರು, ಕಲಿದೇವರದೇವನನ್ನು ಕರೆಯುವ ಮಡಿವಾಳ ಮಾಚಯ್ಯನವರು ಅನುಭವಮಂಟಪದಲ್ಲಿ ಒಟ್ಟಿಗೆ ಕುಳಿತಿರಲು ಸಾಧ್ಯವಿರಲಿಲ್ಲ. ಅವರು ಆಚಾರದ ಬಗೆಗೆ, ಅರಿವಿನ ಬಗೆಗೆ ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿ ಕೇಳಿದರು. ಹೆಸರಿನ ಬಗೆಗೆ ಕೇಳಿದಂತೆ ಕಾಣುವುದಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ರೂಢಿಯೂ ಈಚೆಗೆ ಬೆಳೆದಿದೆ. ಆಧುನಿಕ ವಚನಗಳನ್ನು ಬರೆಯುವ ಉತ್ಸಾಹಿಗಳು ಮೊದಲು ಒಂದು ಅಂಕಿತವನ್ನು ನಿಶ್ಚಯಿಸಿಕೊಳ್ಳುತ್ತಾರೆ, ವಿಸಿಟಿಂಗ್ ಕಾರ್ಡು ಮಾಡಿಸಿದಂತೆ. ಆಮೇಲೆ ವಚನಗಳು ಬರುತ್ತವೆ, ನೂರು, ಇನ್ನೂರು, ಪ್ರತಿಯೊಂದರ ಕೊನೆಗೂ ಆ ಹೆಸರು. ಬರೆಯುವುದು ಒಳ್ಳೆಯದೇ, ಬರೆಯಲಿ. ಆದರೆ ಆ ಹೆಸರಿನಿಂದ ಅವರು ಎಂದಾದರೂ, ಯಾರೂ ನೋಡದಿರುವಾಗ, ಏನನ್ನೂ ಬರೆಯದಿರುವಾಗ ಕರೆದದ್ದುಂಟೇ ಎಂದು ಕೇಳಿಕೊಂಡರೆ ಆ ನೂರರಲ್ಲಿ ಹತ್ತು ಉಳಿದಾವು.

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಈಗ ನೀರು ನಿಂತಿರುತ್ತದೆ. ನಾರಾಯಣಪುರ ಜಲಾಶಯದ ಹಿನ್ನೀರು ಬಂದಮೇಲೆ ಎತ್ತರವಾದ ಗೋಡೆಯನ್ನು ಬಳಸಿ ಕಟ್ಟಿದ್ದಾರೆ. ಭಕ್ತರು ಬಾವಿಗೆ ಇಳಿದಂತೆ ಮೆಟ್ಟಿಲುಗಳನ್ನು ಇಳಿದು ಹೋಗಬೇಕು. ಮಾಘದ ಚಳಿಯಾಗಲಿ ಶ್ರಾವಣದ ಜಡಿಮಳೆಯಾಗಲಿ, ಅಲ್ಲಿ ಜನ ಇಳಿಯುತ್ತಲೇ ಇರುತ್ತಾರೆ. ಗೋಡೆಯ ಒಳಗೆ ದನಿ ಗುಂಯ್ಗುಡುವುದರಿಂದ ಮೆಲ್ಲಗೆ ಅಂದುಕೊಂಡ ಮಾತೂ ಪಕ್ಕದವರಿಗೆ ಕೇಳಿಸುತ್ತದೆ. ಸೊಲ್ಲಾಪುರದ ಕಡೆಯವರು ಸಿದ್ಧರಾಮಾ ಎನ್ನುತ್ತಾರೆ, ಇಳಕಲ್ಲಿನವರು ಮಹಾಂತಪ್ಪಾ ಎನ್ನುತ್ತಾರೆ, ವಯಸ್ಸಾದ ತಾಯಂದಿರು ಕೊನೆಯ ಮೆಟ್ಟಿಲಿನಲ್ಲಿ ಗೋಡೆಗೆ ಕೈಯೂರಿ ನಿಂತು ಎಪ್ಪಾ ಎಂದಷ್ಟೇ ಅನ್ನುತ್ತಾರೆ. ಹಿಂದಿನವರು ಅವರಿಗಾಗಿ ಕಾದು ನಿಂತು ಆಮೇಲೆ ಮುಂದೆ ಹೋಗುತ್ತಾರೆ.